ಬೀಗವಿಲ್ಲದ ಪುಟಗಳು

ವಿದ್ಯಾನಗರದಲ್ಲಿ, ಸರ್ಕಾರಿ ಕಚೇರಿಗಳಿರುವ ಸಿವಿಲ್ ಸ್ಟೇಷನ್ನಿಗೆ ಬರುವವರ ಅರ್ಜಿಗಳ ಪ್ರತಿ ತೆಗೆದುಕೊಡುವ ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಕಚೇರಿ. ನಮ್ಮ ಎಂದರೆ ನನ್ನದು ಮತ್ತು ನನ್ನ ಗೆಳತಿಯದು. ನಾನು ಮಂಗಲ್ಪಾಡಿಯಿಂದ ಬಸ್ಸಿನಲ್ಲಿ ಬರುತ್ತೇನೆ. ಅವಳ ಮನೆ ಹತ್ತಿರದಲ್ಲೇ. ಮನೆಯಲ್ಲಿ ಕೊಂಕಣಿ, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ. ಶಾಲೆಗಳಿಗೆ, ಸಹಕಾರಿ ಸಂಘಗಳಿಗೆ, ಅಂಗಡಿಗಳಿಗೆ ಬೇಕಾದ ವೆಬ್ ಅಪ್ಲಿಕೇಶನ್ ಮಾಡಿಕೊಡುವುದು ನಮ್ಮ ಕೆಲಸ. ಇಬ್ಬರೇ ಇರುವುದರಿಂದ ಯಾವ ಉಪಕರಣದಲ್ಲಿ ಕಟ್ಟುವುದು ಎನ್ನುವುದೇ ನಮ್ಮಲ್ಲಿ ಯಾವಾಗಲೂ ಜಗಳದ ವಿಷಯ. ಅವಳಿಗೆ ಬೇಗ ಮುಗಿಯಬೇಕು, ನನಗೆ ಒಳಗೆ ಏನಿದೆ ಎಂದು ಗೊತ್ತಿರಬೇಕು.

ಒಂದು ದಿನ ಪಾಲಿಯೇಟಿವ್ ಘಟಕದ ಡಾಕ್ಟರು ಮೆಟ್ಟಿಲು ಹತ್ತಿ ಬಂದರು. ಗುಣವಾಗದ ಕಾಯಿಲೆಯವರ ಮನೆಗಳಿಗೆ ಹೋಗಿ ನೋವು ಕಡಿಮೆ ಮಾಡುವ, ಗಾಯ ತೊಳೆಯುವ, ಹತ್ತಿರ ಕೂತು ಮಾತಾಡುವ ಸಂಸ್ಥೆ ಅವರದು. ಒಬ್ಬರು ಸಿಸ್ಟರ್ ವ್ಯಾನಿನಲ್ಲಿ ಊರೂರು ಸುತ್ತುತ್ತಾರೆ. ಪ್ರತಿ ವಾರ್ಡಿಗೂ ಒಬ್ಬಿಬ್ಬರು ವಾಲಂಟಿಯರುಗಳು. ರೋಗಿಗಳ ವಿವರವೆಲ್ಲ ಕಾಗದದಲ್ಲಿತ್ತು. ಸಿಸ್ಟರ್ ಬರೆದದ್ದು ಡಾಕ್ಟರಿಗೆ ಮುಟ್ಟಬೇಕಾದರೆ ಸಂಜೆಯಾಗಬೇಕು, ಡಾಕ್ಟರು ಬದಲಿಸಿದ ಔಷಧಿ ಸಿಸ್ಟರಿಗೆ ಗೊತ್ತಾಗಬೇಕಾದರೆ ಮರುದಿನವಾಗಬೇಕು.

"ನೋವಿಗೆ ನಾಳೆ ಅಂತ ಇಲ್ಲ ನೋಡಿ," ಎಂದರು ಡಾಕ್ಟರು. "ಸಿಸ್ಟರ್ ಅಲ್ಲಿ ಬರೆದದ್ದು ನನಗೆ ಇಲ್ಲಿ ಆಗಲೇ ಕಾಣ್ಬೇಕು. ಮಳೆಗಾಲ ಶುರುವಾಗುವಾಗ ಎರಡನೇ ವ್ಯಾನ್ ಹೊರಡ್ತದೆ. ಅಷ್ಟರೊಳಗೆ ಆಗ್ಬಹುದಾ?"

ನಾನು ಯೋಚಿಸುವ ಮೊದಲೇ ಗೆಳತಿ ಆಗುತ್ತದೆ ಎಂದುಬಿಟ್ಟಳು.

ಅವಳ ಮನಸ್ಸಿನಲ್ಲಿ ಒಂದು ವೇದಿಕೆ ಇತ್ತು. ಪರದೆಯ ಮೇಲೆ ಪೆಟ್ಟಿಗೆಗಳನ್ನು ಎಳೆದು ಕೂರಿಸಿದರೆ ಸಾಕು, ಕೋಡ್ ಬರೆಯಬೇಕಾಗಿಲ್ಲ, ಅಪ್ಲಿಕೇಶನ್ ತಯಾರು. ಮಾಹಿತಿಯೆಲ್ಲ ಆ ಕಂಪೆನಿಯ ಸರ್ವರಿನಲ್ಲೇ ಇರುತ್ತದೆ. ನನಗೆ ಅದು ಇಷ್ಟವಾಗಲಿಲ್ಲ. ಆದರೆ ನನ್ನ ಆಕ್ಷೇಪಕ್ಕೆ ತೋರಿಸಲು ಏನೂ ಇರಲಿಲ್ಲ, ಅವಳ ಉತ್ಸಾಹಕ್ಕೆ ಕೆಲವೇ ದಿನಗಳಲ್ಲಿ ಕೆಲಸ ಮಾಡುವ ಪರದೆಗಳಿದ್ದವು. ಸಿಸ್ಟರಿನ ಫೋನಿನಲ್ಲಿ ರೋಗಿಯ ಹೆಸರು, ಕಾಯಿಲೆ, ಮಾತ್ರೆಯ ಪ್ರಮಾಣ, ಮನೆಗೆ ಹೋಗುವ ದಾರಿ ಎಲ್ಲ ಮೂಡಿದಾಗ ಡಾಕ್ಟರು ಮಗುವಿನಂತೆ ನಕ್ಕರು. ಸದ್ಯ ಪ್ರಯೋಗಕ್ಕೆ ನಡೆಯಲಿ, ಆಮೇಲೆ ಯಾವುದರಲ್ಲಿ ಕಟ್ಟುವುದೆಂದು ಶಾಶ್ವತವಾಗಿ ನಿರ್ಧರಿಸೋಣ ಎಂದಾಯಿತು. ಸುಳ್ಳು ಹೆಸರುಗಳನ್ನು ಹಾಕಿ ಪ್ರಯೋಗ ಮಾಡಿ ಎಂದು ನಾನು ಹೇಳಿದ್ದೆ. ಕೆಲಸದ ನಡುವೆ ಎರಡೆರಡು ಸಲ ಬರೆಯಲು ಸಿಸ್ಟರಿಗೆ ಎಲ್ಲಿಯ ಪುರುಸೊತ್ತು? ನಿಜವಾದ ರೋಗಿಗಳೇ ಒಳಗೆ ಸೇರಿದರು. ವಾಲಂಟಿಯರುಗಳ ಫೋನಿಗೂ ಅದನ್ನು ಕೊಟ್ಟೆವು, ಅವರವರ ವಾರ್ಡಿನವರು ಮಾತ್ರ ಕಾಣುವಂತೆ.

ಪ್ರಯೋಗ ಹೇಗೆ ನಡೆಯುತ್ತಿದೆ ಎಂದು ನೋಡಲು ಒಂದು ಬೆಳಿಗ್ಗೆ ನಾನು ಸಿಸ್ಟರಿನ ಜೊತೆ ವ್ಯಾನ್ ಹತ್ತಿದೆ. ಬಾಯಾರು ಎಂಬ ಊರಿನಲ್ಲಿ ಒಂದು ತಿರುವಿನ ಬಳಿ ಅವರು ಗಾಡಿ ನಿಲ್ಲಿಸಲು ಹೇಳಿದರು. ಸುತ್ತ ಮನೆ ಕಾಣುತ್ತಿರಲಿಲ್ಲ. ಸಿಸ್ಟರ್ ತಮ್ಮ ಬಿಳಿ ಕೋಟನ್ನು ಕಳಚಿ ಸೀಟಿನ ಮೇಲಿಟ್ಟು, ಔಷಧಿಯ ಚೀಲದ ಮೇಲೆ ಒಂದು ರವಕೆ ಬಟ್ಟೆಯನ್ನು ಹೊರಗೆ ಕಾಣುವಂತೆ ಹರಡಿದರು.

"ಎಂತ ಸಿಸ್ಟರೇ ಇದು?"

"ಇಲ್ಲಿಗೆ ನಾನು ಬ್ಲೌಸ್ ಹೊಲಿಸ್ಲಿಕ್ಕೆ ಬರುವವಳು," ಎಂದರು. "ನೀವೂ ಹಾಗೇ. ನೆನಪುಂಟಲ್ಲ?"

ತೋಟದ ಬದಿಯ ದಾರಿಯಲ್ಲಿ ನಡೆದು ಹೋದೆವು. ಜಗಲಿಯಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಊರಿನ ಅರ್ಧ ರವಕೆಗಳು ಆಕೆಯ ಕೈಯಿಂದಲೇ ಬರುತ್ತವಂತೆ. ಯಾರೋ ಗಿರಾಕಿ ಕೂತಿದ್ದರು. ಸಿಸ್ಟರ್ ತಮ್ಮ ಬಟ್ಟೆಯನ್ನು ಮಡಿಸುತ್ತ, ಬಿಡಿಸುತ್ತ, ಅವರು ಎದ್ದು ಹೋಗುವವರೆಗೂ ಕುತ್ತಿಗೆಯ ಅಳತೆಯ ಬಗ್ಗೆ ಮಾತಾಡಿದರು. ಆಮೇಲೆ ನಾವು ಒಳಗೆ ಹೋದೆವು. ಬಾಗಿಲು ಹಾಕಿದ ಮೇಲೆ ಆಕೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಅಲ್ಲಿಯವರೆಗೂ ನೆಟ್ಟಗೆ ಕೂತಿದ್ದದ್ದು ಎಷ್ಟು ಕಷ್ಟದ್ದೆಂದು ಆಗ ತಿಳಿಯಿತು.

ಕ್ಯಾನ್ಸರ್ ಹೊಟ್ಟೆಯೊಳಗೆ ಹರಡಿತ್ತು. ಗಂಡನನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮಗಳು ಹಗಲು ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಮದುವೆ ನಿಶ್ಚಯವಾಗಿದೆ. ಗೊತ್ತಾದರೆ ಮದುವೆಯೇ ಬೇಡವೆಂದು ಕೂರುವವಳು. ಗಂಡಿನ ಕಡೆಯವರು ಏನೆನ್ನುತ್ತಾರೋ ಅದು ಬೇರೆ.

ಸಿಸ್ಟರ್ ಫೋನಿನಲ್ಲಿ ಬರೆಯತೊಡಗಿದಾಗ ಆಕೆ ಕೇಳಿದರು. "ಅದು ಯಾರಿಗೆಲ್ಲ ಕಾಣ್ತದೆ ಸಿಸ್ಟರೇ?"

"ನನಗೆ, ಡಾಕ್ಟ್ರಿಗೆ. ಈ ವಾರ್ಡಿನ ವಾಲಂಟಿಯರಿಗೂ ತೋರಿಸದ ಹಾಗೆ ಇಟ್ಟಿದ್ದೇವೆ."

"ಹುಡುಗನ ಸೋದರಮಾವ ನಿಮ್ಮಲ್ಲೇ ವಾಲಂಟಿಯರ್. ಬೇರೆ ವಾರ್ಡು. ಅವರ ಫೋನಿನಲ್ಲಿಯೂ ಇದೇ ಉಂಟಲ್ಲ?"

ಸಿಸ್ಟರ್ ನನ್ನ ಕಡೆ ನೋಡಿದರು. ಕಾಣುವುದಿಲ್ಲ ಎಂದು ಗೆಳತಿ ಹೇಳಿದ್ದು ನನಗೆ ನೆನಪಿತ್ತು. ಆದರೆ ಅವಳು ಹೇಳಿದ್ದು ಒಂದು, ನಾನು ಕಣ್ಣಾರೆ ನೋಡುವುದು ಇನ್ನೊಂದು.

"ಅಕ್ಕ, ನಾನು ಇವತ್ತೇ ಅವರ ಹಾಗೆ ಒಳಗೆ ಹೋಗಿ ನೋಡ್ತೇನೆ," ಎಂದೆ. "ನೋಡದೆ ನಿಮಗೆ ಮಾತು ಕೊಡುವುದಿಲ್ಲ."

ಆಕೆ ಗೋಡೆಯಿಂದ ಬೆನ್ನು ಎತ್ತಿದರು. "ಹಾಗಾದ್ರೆ ನಿಮಗೇ ಗೊತ್ತಿಲ್ಲ," ಎಂದರು.

ಸಿಸ್ಟರಿಗೆ ಇನ್ನೂ ಹಲವು ಮನೆಗಳಿದ್ದವು. ನಾನು ಬಸ್ಸು ಹಿಡಿದು ಊಟದ ಹೊತ್ತಿಗೆ ವಿದ್ಯಾನಗರಕ್ಕೆ ಬಂದೆ. ಊಟ ಮಾಡಲಿಲ್ಲ. ಬೇರೆ ವಾರ್ಡಿನ ವಾಲಂಟಿಯರ್ ಎಂದು ಒಂದು ಪರೀಕ್ಷೆಯ ಖಾತೆ ಮಾಡಿ ಒಳಗೆ ಹೋದೆ. ಆ ವಾರ್ಡಿನವರ ಹೆಸರುಗಳು ಮಾತ್ರ ಕಂಡವು. ಆದರೆ ಒಂದು ಹೆಸರನ್ನು ಒತ್ತಿದಾಗ ಬ್ರೌಸರಿನ ಮೇಲಿನ ವಿಳಾಸದ ಸಾಲಿನ ತುದಿಯಲ್ಲಿ ಆ ರೋಗಿಯ ಸಂಖ್ಯೆ ಬಂತು. ಆ ಸಂಖ್ಯೆಯನ್ನು ಅಳಿಸಿ ಬೇರೊಂದನ್ನು ಹಾಕಿದೆ. ಯಾವುದೋ ಊರಿನ ಯಾರೋ ಮುದುಕಿಯ ಪುಟ ತೆರೆಯಿತು. ಮತ್ತೊಂದು ಹಾಕಿದೆ, ಮತ್ತೊಂದು. ಬಾಯಾರಿನ ಅಕ್ಕನ ಪುಟ ತೆರೆಯಿತು. ಹೆಸರು, ಕಾಯಿಲೆ, ಅದರ ಹಂತ. ಕೆಳಗೆ ಸಿಸ್ಟರ್ ಬರೆದ ಸಾಲು: ಮಗಳಿಗೆ ತಿಳಿಸಿಲ್ಲ, ವ್ಯಾನ್ ತಿರುವಿನಲ್ಲೇ ನಿಲ್ಲಿಸಬೇಕು.

ನಾನು ಕರೆದ ಧ್ವನಿ ಹೇಗಿತ್ತೋ, ಗೆಳತಿ ಕೈಯಲ್ಲಿದ್ದ ಚಹಾದ ಲೋಟವನ್ನು ಹಾಗೇ ಹಿಡಿದುಕೊಂಡು ಓಡಿ ಬಂದಳು.

"ಇದು ಹೇಗೆ ಬಂತು? ನಾನು ಮುಚ್ಚಿಟ್ಟಿದ್ದೇನೆ ಮಾರಾಯ್ತಿ!"

ಅವಳು ಮುಚ್ಚಿಟ್ಟಿದ್ದು ಹೆಸರುಗಳ ಪಟ್ಟಿಯನ್ನು. ಪುಟಗಳನ್ನಲ್ಲ. ಕೋಣೆಯ ಬಾಗಿಲಿಗೆ ಪರದೆ ಇಳಿಬಿಟ್ಟಂತೆ, ಚಿಲಕ ಹಾಕಿರಲಿಲ್ಲ. ಆ ವೇದಿಕೆಯಲ್ಲಿ ಯಾವುದೇ ಪುಟ ಮೊದಲಿಗೆ ತೆರೆದೇ ಇರುತ್ತದೆ, ಒಂದೊಂದಕ್ಕೂ ನಾವೇ ಬೇರೆ ಬೇರೆ ನಿಯಮ ಹಾಕಬೇಕು ಎನ್ನುವುದು ಎಲ್ಲೋ ಸಹಾಯದ ಪುಟದ ಕೆಳಗೆ ಬರೆದಿತ್ತು.

"ವಾಲಂಟಿಯರ್‌ಗಳ ಖಾತೆ ಎಲ್ಲ ಈಗಲೇ ನಿಲ್ಲಿಸ್ತೇನೆ," ಎಂದು ಅವಳು ಕೀಲಿಮಣೆಯತ್ತ ಬಾಗಿದಳು.

ನನಗೆ ಇನ್ನೊಂದು ಸಂಶಯ ಬಂತು. ನನ್ನ ಸ್ವಂತ ಫೋನು ತೆಗೆದು, ಲಾಗಿನ್ ಮಾಡದೆ, ಆ ವಿಳಾಸವನ್ನು ಹಾಗೇ ಟೈಪ್ ಮಾಡಿದೆ. ಪುಟ ತೆರೆಯಿತು. ಖಾತೆ ಇಲ್ಲದವರಿಗೂ ತೆರೆಯುತ್ತಿತ್ತು. ಲೋಕದಲ್ಲಿ ಯಾರಿಗೆ ಬೇಕಾದರೂ.

ಗೆಳತಿ ಲೋಟವನ್ನು ಕೆಳಗಿಟ್ಟಳು. "ಇಡೀ ಸೈಟನ್ನೇ ಮುಚ್ಚುವ," ಎಂದಳು.

ಮುಚ್ಚಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಆದರೆ ಡಾಕ್ಟರಿಗೆ ಹೇಳದೆ ಒತ್ತುವಂತಿರಲಿಲ್ಲ. ಫೋನ್ ಮಾಡಿದೆ. ಅವರು ಕೇಳಿ, "ಮುಚ್ಚಿ," ಎಂದರು. ಮರುಕ್ಷಣವೇ, "ನಿಲ್ಲಿ, ನಿಲ್ಲಿ. ಒತ್ಬೇಡಿ," ಎಂದರು.

ಸಿಸ್ಟರಿನ ದಾರಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಅವರ ಮೂತ್ರಪಿಂಡ ಸೋಲುತ್ತಿದೆ ಎಂದು ರಕ್ತಪರೀಕ್ಷೆಯ ಫಲ ಬೆಳಿಗ್ಗೆ ಬಂದಿತ್ತು. ಡಾಕ್ಟರು ನೋವಿನ ಔಷಧಿಯ ಪ್ರಮಾಣವನ್ನು ಇಳಿಸಿ, ಅದನ್ನು ಈ ಅಪ್ಲಿಕೇಶನ್ನಿನಲ್ಲಿ ಮಾತ್ರ ಬರೆದಿದ್ದರು. ಸಿಸ್ಟರ್ ಅಲ್ಲಿ ಹೋಗಿ ಪುಟ ತೆರೆದಾಗ ಅದು ಕಾಣದಿದ್ದರೆ ಹಳೆಯ ಪ್ರಮಾಣವನ್ನೇ ಕೊಡುತ್ತಾರೆ.

"ಹಳೆಯದು ಕೊಟ್ರೆ ಎಂತಾಗ್ತದೆ?" ಎಂದು ಕೇಳಿದೆ.

"ನಿದ್ದೆಯಿಂದ ಏಳ್ಲಿಕ್ಕಿಲ್ಲ," ಎಂದರು.

ಸಿಸ್ಟರಿಗೆ ಫೋನ್ ಮಾಡಿದೆವು. ವ್ಯಾಪ್ತಿಯ ಹೊರಗೆ. ಡ್ರೈವರಿಗೆ ಮಾಡಿದೆವು, ಅದೂ ಹಾಗೇ. ಗುಡ್ಡದ ಆಚೆಗಿನ ದಾರಿ ಅದು, ಕೆಲವು ಮನೆಯ ಅಂಗಳಗಳಲ್ಲಿ ಮಾತ್ರ ಸಿಗ್ನಲ್. ಡಾಕ್ಟರು ಅಜ್ಜನ ಮನೆಗೇ ಫೋನ್ ಹಚ್ಚಿದರು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚುತ್ತೇನೆ, ನಾನು ಹೇಳುವವರೆಗೂ ಮುಚ್ಚಬೇಡಿ ಎಂದು ಇಟ್ಟರು.

ಆ ಮಧ್ಯಾಹ್ನ ನಾವು ಕಾದದ್ದು ನನ್ನ ಬದುಕಿನ ದೊಡ್ಡ ಕಾಯುವಿಕೆಗಳಲ್ಲಿ ಒಂದು. ಒಂದು ಕಡೆ ಊರವರ ಕಾಯಿಲೆಗಳೆಲ್ಲ ಬಯಲಿನಲ್ಲಿ ಬಿದ್ದಿವೆ, ಕಣ್ಣೆದುರೇ. ಇನ್ನೊಂದು ಕಡೆ ಅದನ್ನು ಮುಚ್ಚಿದರೆ ಒಬ್ಬರ ಉಸಿರು ನಿಂತೀತು. ವಾಲಂಟಿಯರ್‌ಗಳು ತಮ್ಮ ತಮ್ಮ ಕೆಲಸ ಮುಗಿಸಿ ಸಂಜೆ ಫೋನು ನೋಡುವವರು, ಖಾತೆ ನಿಲ್ಲಿಸಿದರೂ ವಿಳಾಸ ಅವರ ಫೋನಿನಲ್ಲೇ ಉಳಿದಿರುತ್ತದೆ. ಸಂಜೆಯಾಗುವ ಮೊದಲು ಸಿಸ್ಟರ್ ಸಿಗಬೇಕು. ಕೆಳಗೆ ಝೆರಾಕ್ಸ್ ಯಂತ್ರ ಒಂದೇ ಸಮನೆ ಗುಯ್ಗುಡುತ್ತಿತ್ತು. ಗೆಳತಿ ಒಂದೊಂದೇ ಪುಟಕ್ಕೆ ನಿಯಮ ಹಾಕಲು ನೋಡಿದಳು. ಒಂದು ಕಡೆ ಮುಚ್ಚಿದರೆ ಸಿಸ್ಟರಿನ ಖಾತೆಗೂ ಕಾಣದಂತಾಗುತ್ತಿತ್ತು. "ಬಿಡು, ಮುಟ್ಬೇಡ ಈಗ," ಎಂದೆ. ಅವಳು ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಳು.

ಕೊನೆಗೆ ಡಾಕ್ಟರ ಫೋನು ಬಂತು. ಅಜ್ಜನ ಸೊಸೆ ದನಕ್ಕೆ ಹುಲ್ಲು ತರಲು ಹೋಗಿದ್ದವಳು ಮರಳಿ ಬಂದು ಫೋನ್ ಎತ್ತಿದ್ದಳು. ಆಗಲೇ ವ್ಯಾನ್ ಅಂಗಳಕ್ಕೆ ಬಂದಿತ್ತು. ಸಿಸ್ಟರಿನ ಕೈಗೇ ಫೋನ್ ಕೊಟ್ಟಳು. "ಹೇಳಿದೆ, ಅವರು ಎರಡು ಸಲ ತಿರುಗಿ ಹೇಳಿದ್ರು. ಇನ್ನು ಮುಚ್ಚಿ," ಎಂದರು ಡಾಕ್ಟರು. ಗೆಳತಿ ಮಾಹಿತಿಯನ್ನೆಲ್ಲ ನಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ಅದಕ್ಕೆ ಬೀಗ ಹಾಕಿ, ಸೈಟನ್ನು ಮುಚ್ಚಿದಳು. ನನ್ನ ಫೋನಿನಲ್ಲಿ ಆ ವಿಳಾಸ ಇನ್ನು ಯಾವುದನ್ನೂ ತೋರಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ನಾನು ನೀರು ಕುಡಿದೆ.

ಇನ್ನು ಒಂದು ಪ್ರಶ್ನೆ ಉಳಿಯಿತು. ಯಾರಾದರೂ ನೋಡಿದ್ದರೇ? ಯಾವ ಪುಟವನ್ನು ಯಾರು ತೆರೆದರು ಎಂಬ ದಾಖಲೆಯನ್ನು ನಾವು ಆರಿಸಿಕೊಂಡ ಅಗ್ಗದ ಚಂದಾದಲ್ಲಿ ಆ ವೇದಿಕೆ ಇಟ್ಟುಕೊಳ್ಳುತ್ತಲೇ ಇರಲಿಲ್ಲ. ನೋಡಿರಬಹುದು, ನೋಡದೆಯೂ ಇರಬಹುದು. ಅಷ್ಟೇ.

ಮರುದಿನ ಡಾಕ್ಟರು, ಎಲ್ಲ ರೋಗಿಗಳಿಗೂ ವಿಷಯ ತಿಳಿಸಬೇಕು, ಬಾಯಾರಿನವರಿಗೆ ಮೊದಲು ಎಂದರು. ಗೆಳತಿ ಒಪ್ಪಲಿಲ್ಲ.

"ಯಾರೂ ನೋಡಿರ್ಲಿಕ್ಕಿಲ್ಲ ಡಾಕ್ಟ್ರೇ. ಆ ಸಂಖ್ಯೆ ಬದಲಿಸಿ ನೋಡುವ ಬುದ್ಧಿ ಯಾರಿಗೆ ಬರ್ತದೆ? ಸುಮ್ನೆ ಹೇಳಿ ಅವರ ಇರುವ ಸಮಾಧಾನವನ್ನೂ ಕೆಡಿಸುದಾ?"

"ಆ ಸಮಾಧಾನ ನಿಮ್ಮದಲ್ಲ, ಅವರದ್ದು," ಎಂದರು ಡಾಕ್ಟರು. "ಅದನ್ನು ಇಟ್ಕೊಳ್ಳುದಾ ಬೇಡ್ವಾ ಅವರೇ ಹೇಳ್ಲಿ."

ಡಾಕ್ಟರು, ಸಿಸ್ಟರ್, ನಾವಿಬ್ಬರು ಬಾಯಾರಿಗೆ ಹೊರಟೆವು. ತಿರುವಿನಲ್ಲಿ ಇಳಿದ ಮೇಲೆ ಗೆಳತಿ, "ನಾನೇ ಹೇಳ್ತೇನೆ. ಕಟ್ಟಿದ್ದು ನಾನು," ಎಂದಳು. ಜಗಲಿಯಲ್ಲಿ ಅದೃಷ್ಟಕ್ಕೆ ಯಾರೂ ಇರಲಿಲ್ಲ. ಒಳಗೆ ಹೋಗಿ ಕೂತು, ಗೆಳತಿ ಏನನ್ನೂ ಮುಚ್ಚಿಡದೆ ಹೇಳಿದಳು. ತಾಂತ್ರಿಕ ಮಾತುಗಳ ಹಿಂದೆ ಅಡಗಲಿಲ್ಲ. ನಿಮ್ಮ ಕಾಯಿಲೆಯ ವಿವರ ಯಾರಿಗೆ ಬೇಕಾದರೂ ಕಾಣುವಂತೆ ಇತ್ತು, ಯಾರು ನೋಡಿದರೆಂದು ನಮಗೆ ಗೊತ್ತಿಲ್ಲ, ತಪ್ಪು ನಮ್ಮದು ಎಂದಳು.

ಆಕೆ ಕತ್ತರಿಯನ್ನು ಹಿಡಿದೇ ಕೇಳುತ್ತಿದ್ದರು. ಮುಖದಲ್ಲಿ ಸಿಟ್ಟು ಹತ್ತಿ ಬರುವುದು ಕಾಣುತ್ತಿತ್ತು.

"ನಾನು ಬಾಯಿ ಮುಚ್ಚಿ ಹಲ್ಲು ಕಚ್ಚಿ ಕೂತದ್ದು ಇಷ್ಟು ತಿಂಗಳು," ಎಂದರು. "ಕೂಗಿದ್ರೆ ಆಚೆ ಮನೆಯವರಿಗೆ ಕೇಳ್ತದೆ ಅಂತ ಬಾಯಿಗೆ ಬಟ್ಟೆ ತುರುಕಿದ್ದೇನೆ. ನೀವು ಬೀದಿಗೆ ಹಾಕಿದ್ದಲ್ಲ?"

ಗೆಳತಿ ಅಳತೊಡಗಿದಾಗ ಆಕೆ ಇನ್ನೂ ಸಿಟ್ಟಾದರು. "ನೀನು ಅಳ್ಬೇಡ. ಅಳುವುದು ನಾನು. ನನಗೇ ಪುರುಸೊತ್ತಿಲ್ಲ."

ಆಮೇಲೆ ಸಿಸ್ಟರಿನ ಕೈ ಹಿಡಿದು ಕೇಳಿದರು. "ಹುಡುಗನ ಮಾವ ನೋಡಿದ್ದಾರಾ ಇಲ್ವಾ, ಅದು ಇನ್ನು ಯಾವತ್ತಿಗೂ ಗೊತ್ತಾಗ್ಲಿಕ್ಕಿಲ್ಲ ಅಲ್ವಾ?"

"ಅವರನ್ನೇ ಕೇಳ್ಬೇಕಷ್ಟೆ," ಎಂದರು ಸಿಸ್ಟರ್.

"ಅವರು ಎಂತ ಹೇಳಿದ್ರೂ ನನಗೆ ನಂಬ್ಲಿಕ್ಕೆ ಆಗ್ಲಿಕ್ಕಿಲ್ಲ. ಪ್ರತಿ ಸಲ ಅವರು ನಗುವಾಗ ನಾನು ಅವರ ಮುಖ ನೋಡ್ಬೇಕು, ಗೊತ್ತುಂಟಾ ಗೊತ್ತಿಲ್ವಾ ಅಂತ." ಆಕೆ ಕತ್ತರಿಯನ್ನು ಕೆಳಗಿಟ್ಟರು. "ಅದಕ್ಕಿಂತ ನಾನೇ ಹೇಳುವುದು ವಾಸಿ. ಮೊದಲು ಮಗಳಿಗೆ. ಮತ್ತೆ ಅವರಿಗೆ."

ನಾವು ಏಳುವಾಗ ಇನ್ನೊಂದು ಮಾತು ಹೇಳಿದರು. ತನ್ನ ಹೆಸರು ಇನ್ನು ಯಾವ ಕಂಪ್ಯೂಟರಿನಲ್ಲಿಯೂ ಇರಕೂಡದು. ಡಾಕ್ಟರು ಆಗಲೇ ಒಪ್ಪಿದರು. ಉಳಿದ ರೋಗಿಗಳಿಗೂ ಅವರು ಒಂದೊಂದೇ ಮನೆಗೆ ಹೋಗಿ ವಿಷಯ ತಿಳಿಸಿದರು.

ಮುಂದೆ ಆ ಮನೆಯಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಸಿಸ್ಟರ್. ಮಗಳು ತಾಯಿಯ ಮೇಲೆ ಬಹಳ ಸಿಟ್ಟಾದಳಂತೆ. ಕಾಯಿಲೆ ಬಂದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಕೆಲವು ದಿನ ಮಾತೇ ಬಿಟ್ಟಳು. ಆದರೆ ಶಾಲೆಗೆ ರಜೆ ಹಾಕಿ ತಾಯಿಯ ಹಾಸಿಗೆಯ ಪಕ್ಕದಲ್ಲೇ ಮಲಗುತ್ತಿದ್ದಳು. ಗಂಡಿನ ಕಡೆಯವರನ್ನು ಕರೆಸಿ ಹೇಳಿದಾಗ ಹುಡುಗನ ತಾಯಿ ಅರ್ಧದಲ್ಲೇ ಎದ್ದು ಹೋದರಂತೆ. ಎಲ್ಲ ಮುಗಿಯಿತು ಎಂದುಕೊಂಡರು. ನಾಲ್ಕು ದಿನ ಬಿಟ್ಟು ಸೋದರಮಾವ ಒಬ್ಬರೇ ಬಂದರು. "ನನ್ನ ಅಕ್ಕನಿಗೆ, ಹುಡುಗನ ಅಮ್ಮನಿಗೆ, ಹೆದರಿಕೆ ಆಯ್ತು, ಅದು ಸಹಜ," ಎಂದರಂತೆ. "ಈಗ ಹೇಳಿ ಕಳಿಸಿದ್ದಾರೆ, ಮುಹೂರ್ತ ಬೇಗ ಇಡ್ಲಿಕ್ಕೆ ಆಗ್ತದಾ ಕೇಳಿ ಅಂತ. ನೀವು ಇರುವಾಗಲೇ ಆಗ್ಲಿ." ಆಕೆ ಅವರ ಮುಖ ನೋಡಿ ನೇರವಾಗಿ ಕೇಳಿದರು, ಮೊದಲೇ ಗೊತ್ತಿತ್ತಾ ಎಂದು. ಗೊತ್ತಿರಲಿಲ್ಲ ಎಂದರಂತೆ ಅವರು. ನಂಬಿದರೋ ಇಲ್ಲವೋ ಸಿಸ್ಟರಿಗೂ ತಿಳಿಯದು.

ಇತ್ತ ನಮ್ಮ ಕಚೇರಿಯಲ್ಲಿ ನಾವು ಹೊಸದಾಗಿ ಆರಿಸಬೇಕಿತ್ತು. ಮಳೆಗಾಲ ಹತ್ತಿರವಾಗುತ್ತಿತ್ತು. ಎರಡನೇ ವ್ಯಾನಿನ ಕೆಲಸ ಕಾಗದದಲ್ಲೇ ಶುರುವಾಗಲಿ, ನಿಮ್ಮನ್ನು ಅವಸರ ಮಾಡುವುದಿಲ್ಲ, ಆದರೆ ಈ ಸಲ ಯಾಕೆ ಆರಿಸಿದಿರಿ ಎಂದು ನನಗೆ ಅರ್ಥವಾಗುವ ಹಾಗೆ ಹೇಳಬೇಕು ಎಂದರು ಡಾಕ್ಟರು.

ನಾನು ಹಿಂದೆ ನಾನೇ ಬರೆದು ಇಟ್ಟುಕೊಂಡಿದ್ದ ಕೋಡಿನಲ್ಲೇ ಎಲ್ಲವನ್ನೂ ಕಟ್ಟೋಣ ಎಂದೆ. ಅದರ ಪ್ರತಿ ಸಾಲೂ ನನಗೆ ಗೊತ್ತು. ಗೆಳತಿ ಈಗ ಮೊದಲಿನವಳಲ್ಲ.

"ನಿನಗೆ ಗೊತ್ತು, ಸರಿ. ನಿನಗೆ ಗೊತ್ತಿಲ್ಲದ್ದು ಅದರಲ್ಲಿ ಎಷ್ಟುಂಟು ಅಂತ ಯಾರಿಗೆ ಗೊತ್ತು?" ಎಂದಳು. "ನೀನು ಹಾಕಿದ ಬೀಗವನ್ನು ನಿನ್ನ ಬಿಟ್ಟು ಬೇರೆ ಯಾರೂ ಎಳೆದು ನೋಡಿಲ್ಲ."

ಈ ಮಾತಿಗೆ ನನಗೆ ಸಿಟ್ಟು ಬಂತು, ಯಾಕೆಂದರೆ ಅದು ನಿಜವಾಗಿತ್ತು. ಆ ದಿನ ನಾವು ಬೇರೆ ಬೇರೆ ಊಟಕ್ಕೆ ಹೋದೆವು.

ಕೊನೆಗೆ ನಾವು ಆರಿಸಿದ್ದು ಮುಕ್ತವಾಗಿ ಸಿಗುವ, ಬಹಳ ವರ್ಷಗಳಿಂದ ಬಹಳ ಜನ ಬಳಸಿ, ಮುರಿದು, ಸರಿಪಡಿಸಿದ, ಅಪ್ಲಿಕೇಶನ್ ಕಟ್ಟುವ ಒಂದು ಕೋಡಿನ ಚೌಕಟ್ಟನ್ನು. ಅದರಲ್ಲಿ ಲಾಗಿನ್, ಗುಪ್ತಪದವನ್ನು ಸುರಕ್ಷಿತವಾಗಿ ಇಡುವುದು, ಹೊರಗಿನವರು ತುಂಬಿದ ಪದಗಳೊಳಗೆ ಕುತಂತ್ರದ ಆಜ್ಞೆ ನುಸುಳದಂತೆ ತಡೆಯುವುದು ಎಲ್ಲ ಸಿದ್ಧವಾಗಿಯೇ ಬರುತ್ತಿತ್ತು. ಪುಟಗಳನ್ನು ಮೊದಲಿಗೆ ಮುಚ್ಚಿಯೇ ಇಡುವಂತೆ ಒಂದೇ ಕಡೆ ಹೇಳಬಹುದಿತ್ತು. ಆಮೇಲೆ ಯಾರಿಗೆ ಯಾವುದು ಬೇಕೋ ಅದನ್ನು ತೆರೆಯುವುದು. ಮರೆತರೆ ಸಿಸ್ಟರಿಗೆ ಕಾಣುವುದಿಲ್ಲ, ಬೈದು ಫೋನ್ ಮಾಡುತ್ತಾರೆ. ಮರೆತರೆ ಊರಿಗೆಲ್ಲ ಕಾಣುವುದಕ್ಕಿಂತ ಅದು ಎಷ್ಟೋ ವಾಸಿ. ಸರ್ವರ್ ಎಲ್ಲಿರಬೇಕೆಂದು ನಾವೇ ನಿರ್ಧರಿಸಬಹುದು, ನಾಳೆ ಬೇರೆ ಕಡೆಗೆ ಎತ್ತಿಕೊಂಡು ಹೋಗಲೂಬಹುದು. ಯಾರು ಯಾವ ಪುಟ ತೆರೆದರು ಎಂಬುದನ್ನು ಬರೆದಿಡುವ ಭಾಗವನ್ನು ಗೆಳತಿ ಎಲ್ಲಕ್ಕಿಂತ ಮೊದಲು ಸೇರಿಸಿದಳು.

ಅದನ್ನು ಕಲಿಯುವಷ್ಟರಲ್ಲಿ ಮಳೆಗಾಲ ಮುಗಿದೀತು ಎಂಬ ಹೆದರಿಕೆ ಇಬ್ಬರಿಗೂ ಇತ್ತು. ಮೊದಲ ದಿನಗಳು ನಿಜಕ್ಕೂ ತೆವಳಿದವು. ಆದರೆ ಮಾಹಿತಿಯ ರೂಪವನ್ನು ಒಮ್ಮೆ ಸರಿಯಾಗಿ ಬರೆದ ಮೇಲೆ ತುಂಬುವ ಪರದೆಗಳು ಅರ್ಧಕ್ಕರ್ಧ ತಾವಾಗಿಯೇ ಹುಟ್ಟಿಕೊಂಡವು. ಸಿಸ್ಟರ್ ಬಂದು, ಗಾಯದ ಚಿತ್ರ ಹಾಕುವ ಜಾಗ ಬೇಕು, ಈ ಗುಂಡಿ ದೊಡ್ಡದಾಗಬೇಕು ಎಂದು ಹೇಳಿದ್ದನ್ನು ಎಷ್ಟೋ ಸಲ ಅವರು ಚಹಾ ಕುಡಿದು ಏಳುವುದರೊಳಗೆ ಮಾಡಿ ತೋರಿಸುತ್ತಿದ್ದೆವು. ಬೇಗ ಮುಗಿಯಬೇಕು ಎನ್ನುವವಳಿಗೂ ಒಳಗೆ ಏನಿದೆ ಎಂದು ಕೇಳುವವಳಿಗೂ ಒಂದೇ ಉಪಕರಣ ಸಾಕಾದದ್ದು ನಮ್ಮ ಕಚೇರಿಯಲ್ಲಿ ಅದೇ ಮೊದಲು.

ಗೆಳತಿ ತಾನಾಗಿ ನಮ್ಮ ಕೆಲಸವನ್ನು ಪರೀಕ್ಷಿಸುವ ಒಂದು ಕೋಡ್ ಬರೆದಳು. ಬೇರೆ ವಾರ್ಡಿನ ವಾಲಂಟಿಯರ್ ಒಬ್ಬರು ವಿಳಾಸದ ಸಂಖ್ಯೆ ಬದಲಿಸಿ ರೋಗಿಯ ಪುಟ ತೆರೆಯಲು ನೋಡುತ್ತಾರೆ, ಬಾಗಿಲು ತೆರೆಯಕೂಡದು. ನಾವು ಯಾವ ಬದಲಾವಣೆ ಮಾಡಿದರೂ ಕಂಪ್ಯೂಟರ್ ಈ ಪರೀಕ್ಷೆಯನ್ನು ತಾನೇ ಓಡಿಸುತ್ತದೆ. ಒಮ್ಮೆ ನನ್ನದೇ ಒಂದು ಅವಸರದ ಬದಲಾವಣೆಯಲ್ಲಿ ಪರೀಕ್ಷೆ ಸೋತು ಪರದೆ ಕೆಂಪಾಯಿತು. ಆದರೆ ಅದು ನಮ್ಮ ಮೇಜಿನ ಮೇಲೆ ಕೆಂಪಾಗಿತ್ತು, ಹೊರಗೆ ಯಾರ ಫೋನಿನಲ್ಲಿಯೂ ಅಲ್ಲ.

ಮಳೆ ನಿಲ್ಲುವ ಹೊತ್ತಿಗೆ ಎರಡೂ ವ್ಯಾನುಗಳು ಹೊಸ ಅಪ್ಲಿಕೇಶನ್ನಿಗೆ ಬಂದವು. ಶುರುಮಾಡುವ ಮೊದಲು ಡಾಕ್ಟರು ಇದೇ ಕೆಲಸ ಬಲ್ಲ ಬೇರೆ ಊರಿನ ಪರಿಚಿತರೊಬ್ಬರಿಂದ ಅದನ್ನು ಮುರಿಸಲು ಪ್ರಯತ್ನಿಸಿದರು. ಅವರು ಎರಡು ಸಣ್ಣ ಬಿರುಕುಗಳನ್ನು ಹುಡುಕಿಕೊಟ್ಟರು, ಮುಚ್ಚಿದೆವು. ಇನ್ನೂ ಇರಬಹುದು. ಚೌಕಟ್ಟಿನವರು ಸುರಕ್ಷತೆಯ ತಿದ್ದುಪಡಿ ಹೊರಡಿಸಿದ ಸುದ್ದಿ ಬಂದಾಗಲೆಲ್ಲ ಗೆಳತಿ ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಹಾಕುತ್ತಾಳೆ. ಅದು ಮುಗಿದ ಮೇಲೆ ನಾನು ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸುತ್ತೇನೆ.

ಬಾಯಾರಿನ ಅಕ್ಕ ಮಗಳ ಮದುವೆಯನ್ನು ಕಂಡರು. ಕುರ್ಚಿಯಲ್ಲಿ ಕೂತೇ ಧಾರೆ ನೋಡಿದರು ಎಂದು ಸಿಸ್ಟರ್ ಹೇಳಿದರು. ಮಳೆಗಾಲದ ನಂತರ ಬರುವ ತುಲಾಮಾಸದ ಗುಡುಗಿನ ದಿನಗಳಲ್ಲಿ ತೀರಿಕೊಂಡರು. ಕೊನೆಯ ವಾರಗಳಲ್ಲಿ ವ್ಯಾನ್ ಅಂಗಳದವರೆಗೂ ಹೋಗುತ್ತಿತ್ತು, ಸಿಸ್ಟರ್ ಬಿಳಿ ಕೋಟು ಹಾಕಿಕೊಂಡೇ ಇಳಿಯುತ್ತಿದ್ದರು. ಆದರೂ ಆಕೆಯ ಔಷಧಿಯ ಲೆಕ್ಕ ಕೊನೆಯವರೆಗೂ ಕಾಗದದಲ್ಲೇ ಇತ್ತು. ವರ್ಷದ ವರದಿ ಮಾಡುವಾಗ ಸಿಸ್ಟರ್, ಈಗಲಾದರೂ ಸೇರಿಸಬಹುದೇ ಎಂದು ಕೇಳಿದರು. ಡಾಕ್ಟರು ಬೇಡ, ಅವರಿಗೆ ಮಾತು ಕೊಟ್ಟಿದ್ದೇವೆ ಎಂದರು. ಗೆಳತಿ ತಲೆಯೆತ್ತದೆ ಆ ಹೆಸರಿಲ್ಲದ ವರದಿಯನ್ನು ಟೈಪ್ ಮಾಡುತ್ತಲೇ ಇದ್ದಳು.